ಕೆಂಪು ದಾರದ ವಾಕ್ಯಗಳು

ಮಾರ್ಚ್ 3, ಸೋಮವಾರ. ಬೆಳಗ್ಗೆ 5.50

ಹಾಲು ಉಕ್ಕಿತು. ತಪ್ಪು ನನ್ನದೇ. ಒಲೆ ಮುಂದೆ ನಿಂತು ವಾಕ್ಯ ಕಟ್ಟುತ್ತಿದ್ದೆ.

ದಿನಕ್ಕೆ ಹತ್ತು ವಾಕ್ಯ, ಸೊಸೆಯ ಅಪ್ಪಣೆ. ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಟೀಚರ್, ಮನೆಯಲ್ಲಿ ನನಗೆ. ಈ ತಿಂಗಳು ಪಾಸ್ಟ್ ಕಂಟಿನ್ಯುಯಸ್. ಇಷ್ಟು ಗಂಟೆಗೆ ಯಾರು ಏನು ಮಾಡುತ್ತಿದ್ದರು. ಹೇಗೆ ಮಾಡುತ್ತಿದ್ದರು — ಅದಕ್ಕೊಂದು ಅಡ್ವರ್ಬ್. ಎಲ್ಲಿ — ಅದಕ್ಕೊಂದು ಪ್ರಿಪೊಸಿಷನ್. "ಮೂರೂ ಇಲ್ದಿದ್ರೆ ಸೊನ್ನೆ ಹಾಕ್ತೀನಿ ಅತ್ತೆ" ಅಂದಳು. ಮದುವೆಯಾಗಿ ಬಂದಾಗ ಇವಳ ಬಾಯಲ್ಲಿ ಮಾತೇ ಇರಲಿಲ್ಲ!

ಏಪ್ರಿಲ್ 4ಕ್ಕೆ ಪರೀಕ್ಷೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ಒಗೆದೆ, ಮಡಚಿದೆ. ಸೂಪರ್‌ವೈಸರ್ ಆಗಬೇಕಾದರೆ ರಿಪೋರ್ಟ್ ಬುಕ್ಕನ್ನು ಇಂಗ್ಲಿಷಿನಲ್ಲೇ ಬರೆಯಬೇಕಂತೆ. ಆಗಲೇಬೇಕು ನಾನು. ಐವತ್ತೊಂದಕ್ಕೆ ಆಗದಿದ್ದರೆ ಇನ್ಯಾವಾಗ?

ಮೊದಲ ವಾಕ್ಯ — ಅಟ್ ಫೈವ್, ಮೈ ಹಸ್ಬೆಂಡ್ ವಾಸ್ ಸ್ನೋರಿಂಗ್ ಲೌಡ್ಲಿ ಆನ್ ದ ಸೋಫಾ. ಮೂರೂ ಇದೆ. ಹಾಲು ಹೋದರೆ ಹೋಗಲಿ.

ಮಾರ್ಚ್ 6

ಇವರಿಗೆ ಗೊತ್ತಾಗಿಹೋಯಿತು. ಸೊಸೆ ಗೊರಕೆಯ ವಾಕ್ಯ ಓದಿ ಹೇಳಿದ್ದಾಳೆ. ಬಸ್ ಓಡಿಸಿ ರಿಟೈರ್ ಆದ ಮನುಷ್ಯ, ಮಾನದ ಪ್ರಶ್ನೆ. ಬೆಳಗ್ಗೆ ಎದ್ದು ಬರುತ್ತೇನೆ, ಇವರ ಕೈಯಲ್ಲಿ ಪೊರಕೆ!

"ನೋಡು, ಗುಡಿಸ್ತಾ ಇದೀನಿ. ನೀಟಾಗಿ. ಬಾಗಿಲ ಹಿಂದೆ. ಬರ್ಕೋ."

ಮೂವತ್ತು ವರ್ಷದಲ್ಲಿ ಪೊರಕೆ ಮುಟ್ಟಿದವರಲ್ಲ. ಬರೆದುಕೊಂಡೆ. ಸಂಜೆ ಕೇಳಿದರು — ನಾಳೆ ಏನು ಮಾಡ್ತಿರಬೇಕು? ಪಾತ್ರೆ, ಅಂದೆ. ಈ ಪಾಠ ವರ್ಷವಿಡೀ ನಡೆಯಲಿ ದೇವರೇ.

ಮಾರ್ಚ್ 9, ಭಾನುವಾರ

ನಿಜ ಖಾಲಿಯಾಯಿತು. ಮನೆಯಲ್ಲಿ ಮೂರು ಮತ್ತೊಂದು ಜನ, ಎಷ್ಟು ಅಂತ ಬರೆಯುವುದು? ಕಡೆಯ ನಾಲ್ಕು ವಾಕ್ಯ ಸುಳ್ಳೇ ಬರೆದೆ. ಆಮೇಲೆ ಮನಸ್ಸಿಗೆ ಕಸಿವಿಸಿ.

ನಮ್ಮ ಲಾಂಡ್ರಿಯಲ್ಲಿ ಒಗೆದರೂ ಕಲೆ ಹೋಗದ ಬಟ್ಟೆಯ ಮೂಲೆಗೆ ಕೆಂಪು ದಾರದ ಒಂದು ಗಂಟು ಹಾಕುತ್ತೇವೆ. ದಾರ ಕಂಡರೆ ಮುಗಿಯಿತು, ಯಾರೂ ವಾದ ಮಾಡುವುದಿಲ್ಲ, ವಾಪಸ್ ನೀರಿಗೆ. ವಾಕ್ಯ ಬರೆಯುವ ನೋಟ್‌ಬುಕ್ಕಿಗೂ ಹಾಗೇ ಮಾಡಿದೆ. ಸೂಜಿ ತಂದು ಸುಳ್ಳು ವಾಕ್ಯಗಳ ಪಕ್ಕ, ಅಂಚಿನಲ್ಲಿ, ಕೆಂಪು ಗಂಟು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇವರು ಓದಿಸಿಕೊಂಡರು. ಮೈ ಹಸ್ಬೆಂಡ್ ವಾಸ್ ಲುಕಿಂಗ್ ಅಟ್ ಮಿ ಲವಿಂಗ್ಲಿ ಅಕ್ರಾಸ್ ದ ಟೇಬಲ್. ಮೇಜಿನಾಚೆಯಿಂದ ನನ್ನನ್ನು ಪ್ರೀತಿಯಿಂದ ನೋಡುತ್ತಿದ್ದರು ಅಂತ ಅರ್ಥ ಹೇಳಿದಳು ಸೊಸೆ. ಇವರು ಅಂಚಿನ ಗಂಟುಗಳನ್ನು ಎಣಿಸಿದರು.

"ಬೇರೆಯದಕ್ಕೆಲ್ಲ ಒಂದು ಗಂಟು. ಇದಕ್ಕೆ ಯಾಕೆ ಎರಡು?"

"ಕಲೆ ಗಟ್ಟಿ ಇತ್ತು" ಅಂದೆ.

ಹೇಳಬಾರದಿತ್ತೇನೋ. ಊಟಕ್ಕೆ ಕೂತಾಗ ಎರಡು ಸಲ ನನ್ನ ಕಡೆ ನೋಡಿ ತಟ್ಟೆ ನೋಡಿದರು.

ಮಾರ್ಚ್ 18

ಡೈರಿ ಬರೆಯಲು ಪುರುಸೊತ್ತಿಲ್ಲ. ನೋಟ್‌ಬುಕ್ ಈಗ ಏಪ್ರನ್ ಜೇಬಿನಲ್ಲಿ, ಕೆಲಸಕ್ಕೂ ಬರುತ್ತದೆ. ಲಾಂಡ್ರಿಯಲ್ಲಿ ವಾಕ್ಯಗಳಿಗೆ ಬರವಿಲ್ಲ. ಮಡಚುವ ಮೇಜಿನಿಂದ ಗಾಜಿನಾಚೆ ಮ್ಯಾನೇಜರ್ ಕುರ್ಚಿ ಕಾಣುತ್ತದೆ, ಮೆಟ್ಟಿಲು ಕಾಣುತ್ತದೆ. ಎಲ್ಲರಿಗೂ ನನ್ನ ಹುಚ್ಚು ಗೊತ್ತು, ದಾರದ ಲೆಕ್ಕವೂ ಗೊತ್ತು. ಇಸ್ತ್ರಿ ಅಣ್ಣ ದಿನಾ ಬಂದು ಕೇಳುತ್ತಾನೆ, "ಅಕ್ಕಾ, ಇವತ್ತು ನಾನು ಹೆಂಗಿದ್ದೆ?" ಬ್ರೇವ್ಲಿ, ಅಂದೆ. ಇಸ್ತ್ರಿ ಪೆಟ್ಟಿಗೆ ಎತ್ತಿ ತೋರಿಸಿದ. ಹದಿನೈದು ವರ್ಷದಿಂದ ನನ್ನ ಪಕ್ಕದಲ್ಲೇ ಕೆಲಸ, ಒಂದು ದಿನ ಮುಖ ಗಂಟಿಕ್ಕಿದ್ದು ನೋಡಿಲ್ಲ.

ಮಾರ್ಚ್ 20, ಗುರುವಾರ. ಸಂಜೆ

ಕೈ ಇನ್ನೂ ಹೊಗೆ ನಾರುತ್ತಿದೆ.

ಡ್ರೈಯರ್‌ನಲ್ಲಿ ನಲವತ್ತು ಬೆಡ್‌ಶೀಟ್ ಸುಟ್ಟು ಕಂದಾದವು. ಅದರ ಮುಂದೆ ಯಾವಾಗಲೂ ಒಬ್ಬರು ಇರಬೇಕು, ಇವತ್ತು ಇಸ್ತ್ರಿ ಅಣ್ಣನ ಸರದಿ. ಲಿಫ್ಟ್ ಕೆಟ್ಟಿತ್ತು. "ಮೇಲಿನ ವಾರ್ಡಿಗೆ ಶೀಟ್ ಕೊಟ್ಟು ಬಾ, ಇಲ್ಲಿ ನಾನು ನೋಡ್ಕೋತೀನಿ" ಅಂತ ಮ್ಯಾನೇಜರೇ ಕಳಿಸಿದ್ದು. ಆಮೇಲೆ ಪೇಪರ್ ಹಿಡಿದು ನಿದ್ದೆಹೋದರು. ಎದ್ದಾಗ ಕಳಿಸಿದ್ದೇ ನೆನಪಿಲ್ಲ! ಸುಳ್ಳು ಹೇಳುತ್ತಿಲ್ಲ ಪಾಪ, ನಿಜವಾಗಿಯೂ ನೆನಪಿಲ್ಲ. "ಹೇಳದೆ ಕೇಳದೆ ಮೆಷಿನ್ ಬಿಟ್ಟು ಹೋಗಿದ್ದಾನೆ" ಅಂತ ರಿಪೋರ್ಟ್ ಬರೆಯುತ್ತಾರಂತೆ. ಸೋಮವಾರ ಅದು ಮೇಲೆ ಹೋದರೆ ಅಣ್ಣನ ಕೆಲಸ ಹೋಯಿತು.

ನೋಡಿದವಳು ನಾನೊಬ್ಬಳೇ. ನೋಡಿದ್ದಷ್ಟೇ ಅಲ್ಲ... ಬರೆದಿದ್ದೇನೆ. ಅಟ್ ಇಲೆವೆನ್, ದ ಮ್ಯಾನೇಜರ್ ವಾಸ್ ಸೆಂಡಿಂಗ್ ಇಸ್ತ್ರಿ ಅಣ್ಣ ಹರೀಡ್ಲಿ ಅಪ್ ದ ಸ್ಟೇರ್ಸ್. ಅಟ್ ಇಲೆವೆನ್ ಟ್ವೆಂಟಿ, ದ ಮ್ಯಾನೇಜರ್ ವಾಸ್ ಸ್ಲೀಪಿಂಗ್ ಪೀಸ್‌ಫುಲಿ ಬಿಹೈಂಡ್ ದ ನ್ಯೂಸ್‌ಪೇಪರ್. ಅದನ್ನು ಬರೆದು ಮುಗಿಸುವಷ್ಟರಲ್ಲೇ ವಾಸನೆ ಬಂದದ್ದು.

ಎರಡಕ್ಕೂ ದಾರವಿಲ್ಲ.

ಮಾರ್ಚ್ 21

ಪರೀಕ್ಷೆಗೆ ಕೂರಬೇಕಾದರೆ ಮ್ಯಾನೇಜರ್ ಸಹಿ ಬೇಕು. ಫಾರ್ಮ್ ಅವರ ಮೇಜಿನ ಮೇಲೇ ಇದೆ, ಇನ್ನೂ ಸಹಿ ಬಿದ್ದಿಲ್ಲ. ನೋಟ್‌ಬುಕ್ ತೋರಿಸಿದರೆ ಬೀಳುತ್ತದಾ?

ಇಪ್ಪತ್ತೆರಡು ವರ್ಷ. ಆ ಸೂಪರ್‌ವೈಸರ್ ಕುರ್ಚಿ, ಆ ಪೆನ್ನು. ನನಗೆ ಬೇಕು ಅದು. ಆಸೆ ಇಲ್ಲ ಅಂದರೆ ಅದಕ್ಕೂ ಎರಡು ಗಂಟು ಹಾಕಬೇಕಾಗುತ್ತದೆ.

ಮನೆಯಲ್ಲಿ ಹೇಳಿದೆ. ಸೊಸೆ ಉಗುರು ಕಚ್ಚುತ್ತಾ ಕೂತಳು. ಇವರು ಪಾತ್ರೆ ತೊಳೆಯುತ್ತಿದ್ದರು (ನಿಜವಾಗಿಯೂ). ತಿರುಗದೇ ಅಂದರು, "ತೋರಿಸದೆ ಬಂದ್ರೆ ನಿಂಗೆ ಅನ್ನ ಇಳಿಯುತ್ತಾ?"

ಇಳಿಯುವುದಿಲ್ಲ. ಇವತ್ತೇ ಇಳಿಯಲಿಲ್ಲ.

ಮಾರ್ಚ್ 22, ಶನಿವಾರ. ಮಧ್ಯಾಹ್ನ 1.15

ಊಟದ ಹೊತ್ತು. ನಗು ತಡೆಯಲಾಗುತ್ತಿಲ್ಲ.

ಬೆಳಗ್ಗೆ ಹೋಗಿ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಮ್ಯಾನೇಜರ್ ಕನ್ನಡಕ ಹಾಕಿಕೊಂಡರು. ಗ್ರಹಚಾರ, ತೆರೆದದ್ದು ಬೇರೆ ಪುಟ. ದ ಮ್ಯಾನೇಜರ್ ವಾಸ್ ಡ್ಯಾನ್ಸಿಂಗ್ ಗ್ರೇಸ್‌ಫುಲಿ ಆನ್ ದ ಐರನಿಂಗ್ ಟೇಬಲ್.

ಅಂಚು ನೋಡಿದರು. "ಸದ್ಯ, ದಾರ ಇದೆ" ಅಂದರು.

ಆಮೇಲೆ ಗುರುವಾರದ ಪುಟ. ಓದಿದರು. ಅಂಚಿನ ಮೇಲೆ ಬೆರಳಾಡಿಸಿದರು, ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಗಂಟಿಲ್ಲ. ಹಾಳೆ ತಿರುಗಿಸಿ ಹಿಂದುಗಡೆಯೂ ನೋಡಿದರು. ಗಾಜಿನಾಚೆ ಇಸ್ತ್ರಿ ಅಣ್ಣ ಒಂದೇ ದಿಂಬಿನ ಚೀಲವನ್ನು ಹತ್ತನೇ ಸಲ ಇಸ್ತ್ರಿ ಮಾಡುತ್ತಿದ್ದ.

"ಏನಮ್ಮಾ, ಇದು ತಪ್ಪು."

"ಇಲ್ಲ ಸಾರ್. ನಾನು ಕಣ್ಣಾರೆ—"

"ಹನ್ನೊಂದು ಇಪ್ಪತ್ತಕ್ಕಲ್ಲ. ಹನ್ನೊಂದು ಹತ್ತಕ್ಕೇ ಮಲಗಿರ್ಬೇಕು ನಾನು. ಪೇಪರ್‌ನಲ್ಲಿ ಎರಡನೇ ಪುಟ ನೋಡಿದ ನೆನಪೇ ಇಲ್ಲ."

ಬರೆದಿಟ್ಟಿದ್ದ ರಿಪೋರ್ಟ್ ಹರಿದರು. ಹೊಸ ಹಾಳೆ ತೆಗೆದು ತಪ್ಪು ತಮ್ಮ ಮೇಲೇ ಬರೆದುಕೊಂಡರು. ಬರೆಯುವಾಗ ಕಿವಿ ಕೆಂಪಗಾಗಿತ್ತು. ಆಚೆ ಬಂದು ಅಣ್ಣನ ಭುಜ ತಟ್ಟಿ "ತಪ್ಪಾಯ್ತು ಕಣಪ್ಪ" ಅಂದರು, ಎಲ್ಲರ ಮುಂದೆ. ಅಣ್ಣ ಅಳುತ್ತಾ ನಗುತ್ತಾ ಆ ದಿಂಬಿನ ಚೀಲದಲ್ಲೇ ಕಣ್ಣೊರೆಸಿಕೊಂಡ. ಮತ್ತೆ ಇಸ್ತ್ರಿ ಮಾಡಬೇಕಾಯಿತು.

ನನ್ನ ಫಾರ್ಮ್? ಸಹಿ ಹಾಕಿ ಕೈಗೇ ಕೊಟ್ಟರು. "ರಿಪೋರ್ಟ್ ಬುಕ್ ನಿಮ್ಮ ಕೈಗೆ ಬಂದ್ರೆ ನನ್ನ ನಿದ್ದೆ ಕೆಟ್ಟ ಹಾಗೇ" ಅಂದರು.

ಏಪ್ರಿಲ್ 4

ಬರೆದು ಬಂದೆ. ಒಂದು ಪ್ರಶ್ನೆ: ಬೆಳಗ್ಗೆ ಹೊರಟಾಗ ಮನೆಯವರು ಏನು ಮಾಡುತ್ತಿದ್ದರು? ಕೂತಲ್ಲೇ ನಕ್ಕುಬಿಟ್ಟೆ. ಇವರು ಗೇಟಿನ ಪಕ್ಕ ನಿಂತು ಜೋರಾಗಿ ಕೈ ಬೀಸುತ್ತಿದ್ದರು. ಪೊರಕೆ ಇದ್ದ ಕೈ. ಎಲ್ಲ ಬರೆದೆ, ಒಂದೂ ಸುಳ್ಳಿಲ್ಲ.

ಏಪ್ರಿಲ್ 16. ಸಂಜೆ 6.30

ಪಾಸ್! ಪಾಸ್! ಸೋಮವಾರದಿಂದ ಸೂಪರ್‌ವೈಸರ್.

ಸೊಸೆ ಕುಣಿದಳು. ಇಸ್ತ್ರಿ ಅಣ್ಣ ನನ್ನ ಏಪ್ರನ್‌ಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಿದ್ದಾನೆ, ಇಟ್ಟರೆ ತಾನಾಗೇ ನಿಲ್ಲುತ್ತದೆ.

ಮನೆಗೆ ಬಂದರೆ ನೋಟ್‌ಬುಕ್ ಮೇಜಿನ ಮೇಲೆ ತೆರೆದಿದೆ. ಮಾರ್ಚ್ 9ರ ಪುಟ. ಎರಡು ಗಂಟಿದ್ದ ಜಾಗದಲ್ಲಿ ಬರೀ ಸೂಜಿಯ ತೂತು. ಕತ್ತರಿ ಪಕ್ಕದಲ್ಲೇ ಇತ್ತು.

"ಯಾಕ್ರೀ ಬಿಚ್ಚಿದ್ರಿ?"

"ಕಲೆ ಹೋದ ಮೇಲೆ ದಾರ ಯಾಕೆ" ಅಂದರು. ಮುಖ ಅತ್ತ.

ಈಗ ಇದನ್ನು ಬರೆಯುತ್ತಿದ್ದೇನೆ. ಎದುರು ಕುರ್ಚಿಯಲ್ಲಿ ಇವರು ಬಂದು ಕೂತಿದ್ದಾರೆ. ಟಿವಿ ಹಾಕಿಲ್ಲ. ಪೇಪರ್ ಇಲ್ಲ.

"ಏನು ನೋಡ್ತಿದೀರಿ?" ಅಂದೆ, ತಲೆ ಎತ್ತದೆ.

"ನೀನು ಬರ್ಕೋ."

ಹೇಗೆ ನೋಡುತ್ತಿದ್ದಾರೆ ಅಂತ ಬರೆಯಬೇಕಾದರೆ ತಲೆ ಎತ್ತಬೇಕು. ಎತ್ತಿದರೆ ಬರೆಯುವುದಕ್ಕೆ ಆಗುವು—