ಕಾಲು ತೊಳೆದ ಕೊಲೆಗಾರ

ಜನವರಿ 17, ಶನಿವಾರ. ಗೊರೇಬಾಳ.

ಜನ ಎಲ್ಲಕ್ಕಿಂತ ಹೆಚ್ಚು ನಕ್ಕಿದ್ದು ನಾನು ಬರೆಯದ ಮಾತಿಗೆ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅದೇ ಕೊರೆಯುತ್ತಿತ್ತು.

ಮೊಬೈಲಿನಲ್ಲಿ ತೆಗೆದ ನಮ್ಮ ಕೊಲೆ ಸಿನಿಮಾವನ್ನು ಮಧ್ಯಾಹ್ನ ಸಿಂಧನೂರಿನ ಕಾಲೇಜಿನಲ್ಲಿ ತೋರಿಸಿದೆವು. ಓಡುವುದು ಬಿಟ್ಟು ಸೆಲ್ಫಿಗೆ ನಿಲ್ಲುವ ಪಿಯುಸಿ ಹುಡುಗರು ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊಲೆಗಾರ ನನ್ನ ತಮ್ಮ ಹುಲಿಗೇಶ. ಮುಖಕ್ಕೆ ಯೂರಿಯಾ ಚೀಲ, ಕೈಯಲ್ಲಿ ಕುಡುಗೋಲು. ಕೊನೆಯ ಬಲಿ ಅವ್ವ.

ಶೂಟಿಂಗ್ ದಿನ ಅವನು ಗದ್ದೆಯಿಂದ ನೇರ ಮನೆಯೊಳಗೆ ನುಗ್ಗಿದ. ಅವ್ವ ಚೀರಬೇಕಿತ್ತು. ಚೀರಲಿಲ್ಲ, ಅವನ ಕಾಲು ನೋಡಿದಳು.

"ಈಗರ ನೆಲ ಒರೆಸೀನಿ, ರಾಡಿ ಕಾಲಾಗ ಬಂದಿ ಏನಲೇ? ಹೋಗು, ಮೊದ್ಲ ಕಾಲ ತೊಳಕೊ!"

ಬೈದದ್ದು ನಿಜವಾಗಿಯೇ. ಕೊಲೆಗಾರ ಕುಡುಗೋಲನ್ನು ಹೊಸ್ತಿಲ ಮೇಲಿಟ್ಟು, ಹೊರಗೆ ಹೋಗಿ ಕಾಲು ತೊಳೆದು ಬಂದ.

ಇವತ್ತು ಅದು ತೆರೆಯ ಮೇಲೆ ಬಂದಾಗ ಇಡೀ ಹಾಲ್ ನಕ್ಕು ಸೀಟಿ ಹೊಡೆಯಿತು. ಪಕ್ಕದಲ್ಲಿದ್ದ ಅವ್ವ ನನ್ನ ಕೈ ಜಿಗುಟಿ, "ಅದನ್ಯಾಕ ಇಟ್ಟಿಬೇ? ನಿನ್ನ ಸಿನಿಮಾ ಕೆಡಿಸೀನಿ ನಾ" ಎಂದಳು.

ಕೊನೆಗೆ ತೆರೆಯ ಮೇಲೆ "ನಿರ್ದೇಶನ: ಅಂಬಿಕಾ" ಎಂದು ಬಂದಾಗ ಸ್ವಲ್ಪ ನಾಚಿಕೆಯಾಯಿತು. ಈಗ ಇಲ್ಲ. ಆ ಮಾತು ಅವ್ವನದು, ನಿಜ. ಆದರೆ ಅವತ್ತು "ಕಟ್" ಅನ್ನಲು ತೆರೆದ ಬಾಯಿಯನ್ನು ಮುಚ್ಚಿಕೊಂಡವಳು ನಾನೇ.