ಉಣ್ಣೆಯ ಒಳಂಗಿಯೂ ಪುರಸಭೆಯ ಸೂಜಿಯೂ

೧೪ ನವೆಂಬರ್ ೨೦೦೨, ಗುರುವಾರ

ಎಡತೋಳು ನೋಯುತ್ತಿದೆ, ಮಾನ ಅದಕ್ಕಿಂತ ಹೆಚ್ಚು ನೋಯುತ್ತಿದೆ.

ಪುರಸಭೆಯವರು ಚಳಿಗಾಲದ ಜ್ವರಕ್ಕೆ ಲಸಿಕೆ ಹಾಕಲು ನಮ್ಮ ಹಳ್ಳಿಗೆ ಬಂದದ್ದು ಇಂದು ಒಂದೇ ದಿನ. ಲಸಿಕೆಯಿಲ್ಲದೆ ಹೋದರೆ ಕ್ರಿಸ್‌ಮಸ್‌ಗೆ ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಡುವುದಿಲ್ಲವೆಂದು ಮಗಳು ಕಡ್ಡಿ ಮುರಿದಂತೆ ಹೇಳಿದ್ದಾಳೆ. ಆದ್ದರಿಂದ ಸಭಾಭವನದ ಸಾಲಿನಲ್ಲಿ ನಿಂತೆ. ದಾದಿ ಹಿಲ್ಲೆವಿ ನನ್ನ ಹಳೆಯ ವಿದ್ಯಾರ್ಥಿನಿ. "ಅಂಗಿ ಬಿಚ್ಚಿ ಮೇಷ್ಟ್ರೇ," ಎಂದಳು. ನಾನು ಗುಂಡಿಯನ್ನು ಹಿಡಿದುಕೊಂಡು ನಿಂತುಬಿಟ್ಟೆ.

ನನ್ನ ಹಿಂದೆ ನಿಂತಿದ್ದ ನೆರೆಮನೆಯ ಔಲಿಸ್ ಸುಮ್ಮನಿರಲಿಲ್ಲ. "ಶನಿವಾರ ಶನಿವಾರ ಸೌನಾದ ಬಿಸಿ ಹಬೇಲಿ ಹುಟ್ಟುಡುಗೆಯಲ್ಲೇ ನಮ್ ಪಕ್ಕ ಕೂತು ಬೆವರ್ತೀರಿ. ಇವತ್ತು ಒಂದು ತೋಳು ತೋರ್ಸೋಕೆ ನಾಚ್ಕೆನಾ ಮೇಷ್ಟ್ರೇ?"

ಬರಿಮೈಗೆ ನಾನೆಂದೂ ನಾಚಿದವನಲ್ಲ. ಸೌನಾದ ಹೊತ್ತಿನಲ್ಲಿ ಒಳಂಗಿಯು ಗೂಟದ ಮೇಲೆ ಕೋಟಿನ ಮರೆಯಲ್ಲಿರುತ್ತದೆ. ಮಕ್ಕಳ ಹರಿದ ಕಾಲುಚೀಲಗಳನ್ನು ಕಂಡು ಹೊಲಿದುಕೊಳ್ಳಿರೆಂದು ಬಾಳೆಲ್ಲ ಉಪದೇಶ ಮಾಡಿದವನ ಉಣ್ಣೆಯ ಒಳಂಗಿಯನ್ನು ನುಸಿ ತಿಂದಿರುವುದು ಊರಿಗೆ ತಿಳಿದಿರಲಿಲ್ಲ.

ಕೊನೆಗೆ ಮೊಮ್ಮಗುವನ್ನು ನೆನೆದು ಅಂಗಿ ಬಿಚ್ಚಿದೆ. ಹಿಲ್ಲೆವಿ ಒಳಂಗಿಯ ತೋಳಿನಲ್ಲಿದ್ದ ತೂತನ್ನು ನೋಡಿದಳು. ಅದರೊಳಗೇ ಹತ್ತಿಯಿಂದ ಒರೆಸಿ, ಅದರೊಳಗೇ ಸೂಜಿ ಚುಚ್ಚಿದಳು.

"ಇದನ್ನ ಹೊಲೀಬೇಡಿ ಮೇಷ್ಟ್ರೇ. ಮುಂದಿನ ವರ್ಷಕ್ಕೂ ಜಾಗ ಸರಿಯಾಗಿದೆ."

ಭವನವೆಲ್ಲ ನಕ್ಕಿತು. ಔಲಿಸ್ ಕಾಫಿ ತಂದುಕೊಟ್ಟು, ತೋಳೆತ್ತಿ ತನ್ನ ಒಳಂಗಿಯ ಕಂಕುಳಿನಲ್ಲಿದ್ದ ತೂತನ್ನು ತೋರಿಸಿದ.

ಈಗ ಸೂಜಿದಾರ ಎದುರಿಗಿದೆ. ಹರಿದುದನ್ನು ಹೊಲಿಯುವುದು ನನ್ನ ಧರ್ಮ. ಪುರಸಭೆಯ ದಾದಿಯ ಸೂಚನೆಯನ್ನು ಪಾಲಿಸುವುದೂ ನನ್ನ ಧರ್ಮವೇ. ಇಂಥ ಸಂದರ್ಭದಲ್ಲಿ ವಿವೇಕಿಯಾದವನು, ಅದೂ ತೋಳು ನೋಯುತ್ತಿರುವಾಗ…