ಎರೆಯಲು ಬಂದವಳು

ಬೈಲಹೊಂಗಲ
೧೦ ಜೂನ್ ೨೦೨೫, ಮಂಗಳವಾರ

ಪ್ರೀತಿಯ ಅವ್ವಾ,

ಕರ್ತನು ನಿನ್ನನ್ನು ಸುಖವಾಗಿಟ್ಟಿರಲಿ. ಮೈಯಲ್ಲಿ ಹೇಗಿದೆ? ಸಾಲೆ ಸುರುವಾಯಿತು, ಮತ್ತೆ ಅಷ್ಟೂ ಕೋಣೆಗಳ ಕಸ ಹೊಡೆದು ಸೊಂಟ ಹಿಡಿದಿರಬೇಕು. ಎಣ್ಣೆ ಹಚ್ಚಿಕೋ ಎಂದರೆ ಕೇಳುವವಳಲ್ಲ ನೀನು, ಮಂದಿಯ ಮೈಗೆ ಹಚ್ಚುವುದಷ್ಟೇ ನಿನಗೆ ಗೊತ್ತು. ಕೂಸು ಆರಾಮ ಇದೆ. ಹೊಟ್ಟೆ ತುಂಬ ಕುಡಿಯುತ್ತಾಳೆ. ನಿದ್ದೆ ಮಾತ್ರ ಅವಳಿಗೂ ಇಲ್ಲ, ನನಗೂ ಇಲ್ಲ. ನಿನ್ನ ಅಳಿಯ ಆಕಾಶ, ಬಾಣಂತಿಯರಿಗೆ ಹೀಗೇ ಆಗುತ್ತದೆ, ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತಾರೆ. ಡಾಕ್ಟರಿಗೆ ಹೇಳುವಂಥದ್ದಲ್ಲ ಇದು.

ಫೋನು ಮಾಡಿದರೆ ನೀನು, "ಉಂಡಿ? ಕೂಸು ಅಳತೈತೇನು? ಇಡ್ತೇನಿ ಹಂಗಾರ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಓದಲು ಬಾರದು, ಪಕ್ಕದ ಮನೆಯ ಶಾಹಿಸ್ತಾಳೇ ಓದಿ ಹೇಳಬೇಕು ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮಂದಿಯ ಮುಂದೆ ಮಾಡಿದ ತಪ್ಪನ್ನು ನಿನ್ನೊಬ್ಬಳ ಕಿವಿಯಲ್ಲಿ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಶಾಹಿಸ್ತಾ, ಅವ್ವ ಸಾಕು ಅಂದರೂ ನಿಲ್ಲಿಸಬೇಡ, ಓದು.

ಸಾಲೆಯ ಸೂಟಿಯಲ್ಲಿ ನೀನು ನಮ್ಮಲ್ಲಿಗೆ ಬಂದ ಮರುದಿನ ಹಿತ್ತಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ನೀರೆರೆಯುತ್ತಿದ್ದೆ. ಸೀರೆ ಮೊಣಕಾಲ ಮೇಲಿತ್ತು, ಕೈತುಂಬ ಎಣ್ಣೆ, ಕಡಲೆಹಿಟ್ಟು. ಮನೆಯೊಡತಿ ಅನ್ನಪೂರ್ಣಕ್ಕ ತಮ್ಮ ಬೀಗಿತಿಯನ್ನು ಕೂಸು ತೋರಿಸಲು ಕರೆದುಕೊಂಡು ಬಂದರು. ಆ ಬೀಗಿತಿ, "ಅಯ್ಯ, ಏನ್ ಚಂದ ಎರಿತಾಳರಿ ನಿಮ್ಮ ಎರಿಯಾಕಿ! ಯಾವೂರಾಕಿ? ನಮ್ಮ ಸೊಸಿ ಬಾಣಂತನಕ್ಕೂ ಇಕೀನ್ನ ಹೇಳೂಣು" ಅಂದರು. ನಗುತ್ತಲೇ ತಿದ್ದಬಹುದಿತ್ತು. ನಮ್ಮವ್ವರಿ ಅಂದಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು, "ರಾಮದುರ್ಗದಾಕಿರಿ. ಕೂಸಿಗೆ ಎರಿಯಾಕಂತ ಕರಸೇವ್ರಿ."

ನೀನು ತಲೆ ಎತ್ತಲಿಲ್ಲ. ಕೂಸಿನ ಮೂಗಿಗೆ ನೀರು ಹೋಗದಂತೆ ಹಣೆಗೆ ಕೈ ಅಡ್ಡ ಹಿಡಿದು ತಂಬಿಗೆ ಸುರಿಯುತ್ತಲೇ, "ಹೇಳಿ ಕಳಸ್ರಿ ಬಾಯಾರ, ಬರತೇನಿ" ಅಂದೆ. ನನ್ನ ಸುಳ್ಳನ್ನು ನೀನು ಹೊತ್ತುಕೊಂಡೆ. ಅನ್ನಪೂರ್ಣಕ್ಕ ಒಳಗೆ ಹೋಗಿ ಒಂದು ಹಳೆಯ ಸೀರೆ ತಂದು "ತಗೋ, ಉಟ್ಕೋ" ಅಂದರು. ನೀನು ಎರಡೂ ಕೈಯೊಡ್ಡಿ ತೆಗೆದುಕೊಂಡೆ. ನಾನು ನೋಡುತ್ತ ನಿಂತೆ. ಮರುದಿನ ಮುಂಜಾನೆ, ಸಾಲೆಗೆ ಇನ್ನೂ ವಾರ ಇರುವಾಗಲೇ, "ಕೋಣಿ ತೊಳೀಬೇಕಂತ, ಹೆಡ್ ಮಾಸ್ತರ ಕರದಾರ" ಎಂದು ಬ್ಯಾಗು ಎತ್ತಿಕೊಂಡೆ.

ಯಾಕೆ ಹಾಗೆ ಅಂದೆ ಎಂದು ನೀನು ಕೇಳಲಿಲ್ಲ, ನಾನೇ ಹೇಳಬೇಕು. ಮನೆ ಹಿಡಿಯುವಾಗ ಅನ್ನಪೂರ್ಣಕ್ಕ "ನೀವು ಯಾವ ಪೈಕಿರಿ?" ಎಂದು ಕೇಳಿದ್ದರು. ಇಬ್ಬರೂ ಡಿಗ್ರಿ ಓದೇವ್ರಿ ಎಂದು ಮಾತು ತೇಲಿಸಿದ್ದೆವು. ಅಂದಿನಿಂದ ಬೈಬಲ್ಲು ಟ್ರಂಕಿನಲ್ಲಿದೆ. ನಾವು ಕ್ರೈಸ್ತರು, ನಮ್ಮವ್ವ ಕಸ ಹೊಡೆಯುವಾಕೆ ಎಂದು ತಿಳಿದರೆ ಮನೆ ಬಿಡಿಸಿಯಾರು ಎಂಬ ಅಂಜಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಪೂರ್ತಿ ಖರೆ ಅದಲ್ಲ. ಆ ಬೀಗಿತಿ ಇಸ್ತ್ರಿ ಸೀರೆಯಲ್ಲಿ ನಿಂತಿದ್ದರು, ನಿನ್ನ ಸೀಳಿದ ಹಿಮ್ಮಡಿ ಅವರ ಕಣ್ಣಿಗೆ ನೇರ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು, ಅಷ್ಟೇ. ಆ ಹಿಮ್ಮಡಿ ಸವೆದದ್ದು ನನ್ನನ್ನು ಬಿ.ಎಸ್ಸಿ. ಓದಿಸಲು ಎಂಬುದು ಆಗ ನೆನಪಾಗಲಿಲ್ಲ.

ನೀನು ಹೋದ ಮೇಲೆ ಬಹಳ ಅತ್ತೆ. ಆದರೆ ಆ ಅಳು ಬರೀ ಹೆದರಿಕೆಯದು. ನೀನು ಯಾರ ಮುಂದಾದರೂ ಹೇಳಿದರೆ ನನ್ನ ಮರ್ಯಾದೆಯ ಗತಿ ಏನು ಎಂದು. ಆಮೇಲೆ ನಾನೇ ಕೂಸಿಗೆ ಎರೆಯಲು ಕೂತೆ. ನಿನ್ನಂತೆ ಹಣೆಗೆ ಕೈ ಅಡ್ಡ ಹಿಡಿಯಲು ಬಾರದೆ ನೀರು ಮೂಗಿಗೆ ಹೋಯಿತು. ಕೂಸು ಕೆಮ್ಮಿ ಕೆಂಪಾದರೂ ನನ್ನನ್ನೇ ಗಟ್ಟಿಯಾಗಿ ಹಿಡಿದುಕೊಂಡಳು, ನೋಯಿಸಿದವಳನ್ನೇ. ನೀನೂ ಹಾಗೇ ಮಾಡಿದೆಯಲ್ಲ ಅವ್ವಾ. ನಿನಗೆ ಎಷ್ಟು ನೊಂದಿರಬೇಕೆಂದು ಅವತ್ತು ಮೊದಲ ಸಲ ತಿಳಿದು ಅತ್ತೆ.

ಈ ತಿಂಗಳು ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದು ಮುಂದೆ ಹೋದರು. ನಾನು ಕೂಸಿನ ನೆಪ ಮಾಡಿ ಕಡೆಯ ಬೆಂಚಿನಲ್ಲೇ ಉಳಿದೆ. ಸಭಾಪಾಲಕರು ಗಮನಿಸಿದ್ದರು, ನಿನ್ನೆ ಮನೆಗೆ ಬಂದರು. ಎಲ್ಲ ಹೇಳಿಬಿಟ್ಟೆ. "ದೇವರಿಗೆ ಹೇಳಿದಿ?" ಅಂದರು. ದಿನಾ ಹೇಳತೇನ್ರಿ ಅಂದೆ. "ಆತಗ ಮೊದಲ ಗೊತ್ತಿತ್ತು. ಅವ್ವಗ?" ಅಕಿ ಮುಂದನ ಅಂದೇನ್ರಿ, ಅಕಿಗೂ ಗೊತ್ತೈತಿ ಅಂದೆ. "ಹಂಗಾರ ಗೊತ್ತಿಲ್ಲದವರಿಗೆ ಹೇಳವಾ" ಎಂದು ಚಹಾ ಮುಗಿಸಿ ಎದ್ದರು. ಚಪ್ಪಲಿ ಮೆಟ್ಟುತ್ತ, "ಮತ್ತ ಆ ಭೋಜನ ತಪ್ಪಿಲ್ಲದವರಿಗಂತ ಇಟ್ಟಿದ್ದರ ನಾನ ಮೊದಲ ಹೊರಗ ನಿಲ್ಲತಿದ್ನಿ" ಅಂದರು. ಅವರು ನಗಲಿಲ್ಲ, ನನಗೆ ಅಳುವಿನಲ್ಲೂ ನಗು ಬಂತು.

ಅವ್ವಾ, ಕರ್ತನು ನಮ್ಮಂಥವರನ್ನು ತನ್ನವರೆಂದು ಹೇಳಿಕೊಳ್ಳಲು ನಾಚಲಿಲ್ಲ ಎಂದು ನನಗೆ ಕಲಿಸಿದವಳೇ ನೀನು. ನಾನು ನನ್ನನ್ನು ಹಡೆದವಳನ್ನೇ ನನ್ನವಳೆನ್ನಲು ನಾಚಿದೆ. ಆದರೂ ಆತ ಈಗಲೂ ನನ್ನನ್ನು ತನ್ನವಳು ಅನ್ನುತ್ತಾನೆ. ಅದನ್ನು ನೆನೆದರೆ ನಾಚಿಕೆ ಇಳಿಯುವುದಿಲ್ಲ, ಇನ್ನೂ ಏರುತ್ತದೆ. ಆದರೆ ಮುಖ ಮುಚ್ಚಿಕೊಂಡು ಕೂಡಬೇಕು ಅನಿಸುವುದಿಲ್ಲ, ಎದ್ದು ಹೋಗಿ ಮಾಡಬೇಕಾದದ್ದನ್ನು ಮಾಡಬೇಕು ಅನಿಸುತ್ತದೆ. ನನ್ನನ್ನು ಕ್ಷಮಿಸು. ನೀನು ಆಗಲೇ ಕ್ಷಮಿಸಿರುತ್ತೀ, ಆದರೂ ಕೇಳದೆ ತೆಗೆದುಕೊಳ್ಳಲಾರೆ.

ಅಳಿಯ ವಂದನೆ ಹೇಳಿದ್ದಾರೆ. ಶಾಹಿಸ್ತಾಳ ತಾಯಿ ಮಕ್ತುಮಬಿ ಚಿಗವ್ವನಿಗೆ ನನ್ನ ಸಲಾಮು. ಕೂಸಿನದೊಂದು ಮುತ್ತು. ಆತನ ಸಮಾಧಾನ ನಿನ್ನ ಮನೆಯಲ್ಲಿ ನೆಲೆಸಿರಲಿ.

ನಿನ್ನ ಮಗಳು,
ಸುವಾರ್ತಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅನ್ನಪೂರ್ಣಕ್ಕನ ಅಡುಗೆಮನೆಗೆ ಹೋಗಿ ಹೇಳಿ ಬಂದೆ. "ಅವತ್ತ ಎರಿಯಾಕತ್ತಿದ್ದಾಕಿ ನಮ್ಮವ್ವರಿ. ಸಾಲ್ಯಾಗ ಕಸಾ ಹೊಡೀತಾಳ್ರಿ. ನಾವು ಕ್ರಿಶ್ಚನ್ ಮಂದಿರಿ." ರೊಟ್ಟಿ ಬಡಿಯುತ್ತಿದ್ದ ಅವರ ಕೈ ನಿಂತಿತು. "ಹಡದಾಕಿ ಕಡೆ ನಮ್ಮ ಬೀಗಿತಿಗೆ ಬಾಯಾರ ಅನಸೀದೆಲ್ಲ, ಎಂಥಾಕಿ ನೀ?" ಅಂದರು. ಕೂಡು ಅನ್ನದೆ ಮತ್ತೆ ರೊಟ್ಟಿ ಬಡಿಯತೊಡಗಿದರು. ಮನೆ ಉಳಿಯುತ್ತದೋ ಬಿಡಬೇಕಾಗುತ್ತದೋ ಗೊತ್ತಿಲ್ಲ. ಬರುವ ತಿಂಗಳ ಮೊದಲ ರವಿವಾರ ಕೂಸಿನ ದೀಕ್ಷಾಸ್ನಾನ. ಅವಳನ್ನು ಎತ್ತಿಕೊಂಡು ಸಭೆಯ ಮುಂದೆ ನಿಲ್ಲುವವಳು ನೀನೇ, ನೀನು ಬರದಿದ್ದರೆ ದಿನ ಮುಂದಕ್ಕೆ ಹಾಕಿಸುತ್ತೇನೆ. ಶನಿವಾರವೇ ಬಾ. ಬಸ್ ಸ್ಟ್ಯಾಂಡಿನಲ್ಲಿ ಕೂಸಿನೊಂದಿಗೆ ನಿಂತಿರುತ್ತೇನೆ. ಆಟೋ ಮಾಡುವುದು ಬೇಡ ಅವ್ವಾ, ನಿಧಾನಕ್ಕೆ ಪೇಟೆಯೊಳಗಿಂದ ನಡೆದೇ ಬರೋಣ.